ಒಲೆ ಆರಿದ ಮೇಲೂ ಉಳಿಯುವ ಕಾವು

1935ರಲ್ಲಿ ಮೈಸೂರಿನ ಪ್ರಾಧ್ಯಾಪಕ ಎಂ. ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಲ್ಲಿಯೇ ಒಂದು ಚಿಕ್ಕ ಬಾನುಲಿ ಕೇಂದ್ರವನ್ನು ಆರಂಭಿಸಿದರು. ಅದು ‘ಆಕಾಶವಾಣಿ’ ಎಂಬ ಹೆಸರಿನಿಂದ ಪ್ರಸಿದ್ಧವಾಯಿತು. ಮುಂದೆ ಆ ಹೆಸರೇ ಇಡೀ ದೇಶದ ಬಾನುಲಿಗೆ ಸಂದಿತು. ಅದಕ್ಕೆ ಎರಡು ವರ್ಷ ಮೊದಲು, 1933ರಲ್ಲಿ, ಅಮೆರಿಕದ ಕಾರ್ಲ್ ಜಾನ್ಸ್ಕಿ ಎಂಬ ತರುಣ ಎಂಜಿನಿಯರು ನಿಜವಾಗಿಯೂ ಆಕಾಶದಿಂದಲೇ ಬರುತ್ತಿದ್ದ ವಾಣಿಯೊಂದನ್ನು ಜಗತ್ತಿಗೆ ತಿಳಿಸಿದ್ದರು. ಸಾಗರದಾಚೆಗಿನ ದೂರವಾಣಿ ಸಂಭಾಷಣೆಗೆ ಅಡ್ಡಬರುವ ಗೊರಗೊರ ಸದ್ದು ಎಲ್ಲಿಂದ ಬರುತ್ತದೆಂದು ಹುಡುಕುವುದು ಅವರಿಗೆ ಒಪ್ಪಿಸಿದ್ದ ಕೆಲಸ. ಸಿಡಿಲು ಮಿಂಚುಗಳ ಸದ್ದನ್ನು ಬೇರ್ಪಡಿಸಿದ ಮೇಲೂ ಒಂದು ಸಣ್ಣ ಸುಯ್ಲು ಉಳಿಯಿತು. ಅದು ದಿನವೂ ನಾಲ್ಕು ನಿಮಿಷ ಮುಂಚಿತವಾಗಿ ಬರುತ್ತಿತ್ತು. ನಕ್ಷತ್ರಗಳೂ ದಿನವೂ ನಾಲ್ಕು ನಿಮಿಷ ಮುಂಚಿತವಾಗಿ ಮೂಡುತ್ತವೆ. ಸದ್ದಿನ ಮೂಲ ಭೂಮಿಯ ಮೇಲಿಲ್ಲ, ಧನುರಾಶಿಯ ದಿಕ್ಕಿನಲ್ಲಿರುವ ನಮ್ಮ ಆಕಾಶಗಂಗೆಯ ನಡುವಿನಲ್ಲಿದೆ ಎಂಬುದು ಹೀಗೆ ಗೊತ್ತಾಯಿತು.

ಮನೆಮಂದಿಯೆಲ್ಲ ಓದುವ ಪತ್ರಿಕೆಯಲ್ಲಿ ಇಷ್ಟು ದೂರದ ಸಂಗತಿ ಏಕೆ ಎಂದು ಓದುಗರು ಕೇಳಬಹುದು. ನಾನು ಮೂವತ್ತು ವರ್ಷ ಪದವಿಪೂರ್ವ ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸಿದವಳು. ಪಾಠ ಹೇಳುವಾಗ ಆಕಾಶದ ವಿಷಯ ಪಠ್ಯಪುಸ್ತಕದ ಕೊನೆಯ ಪುಟಗಳಲ್ಲಿ ಬರುತ್ತಿತ್ತು. ಪರೀಕ್ಷೆ ಹತ್ತಿರವಾಗಿರುವುದರಿಂದ ಅದನ್ನು ಅವಸರದಲ್ಲಿ ಮುಗಿಸಬೇಕಾಗುತ್ತಿತ್ತು. ನಿವೃತ್ತಿಯ ನಂತರ ಬಿಡುವು ದೊರೆತಾಗ ಆ ಪುಟಗಳಿಗೇ ಮರಳಿದೆ. ಅವುಗಳಲ್ಲಿ ನನ್ನನ್ನು ಬಹುವಾಗಿ ಹಿಡಿದು ನಿಲ್ಲಿಸಿದ್ದು ರೇಡಿಯೋ ಗೆಲಕ್ಸಿಗಳ ಹುಟ್ಟು, ಬೆಳವಣಿಗೆ, ಮುಪ್ಪುಗಳ ಕಥೆ. ಅದಕ್ಕೆ ನಮ್ಮ ಮನೆಯದೇ ಒಂದು ಕಾರಣವಿದೆ. ಅದನ್ನು ಮುಂದೆ ಹೇಳುತ್ತೇನೆ.

ರೇಡಿಯೋ ಗೆಲಕ್ಸಿ ಎಂದೊಡನೆ ‘ಅಲ್ಲಿಂದಲೂ ಧಾರವಾಡ ಕೇಂದ್ರದ ಹಾಗೆ ಹಾಡು ಬರುತ್ತದೆಯೇ?’ ಎಂದು ವಿದ್ಯಾರ್ಥಿಯೊಬ್ಬ ಒಮ್ಮೆ ತರಗತಿಯಲ್ಲಿ ಕೇಳಿದ್ದ. ಹಾಡು ಬರುವುದಿಲ್ಲ, ಆದರೆ ಹಾಡನ್ನು ಹೊತ್ತು ತರುವ ಅಲೆಗಳ ಜಾತಿಯ ಅಲೆಗಳೇ ಅಲ್ಲಿಂದಲೂ ಬರುತ್ತವೆ. ಬೆಳಕು ಮತ್ತು ರೇಡಿಯೋ ಒಂದೇ ಕುಲದ ಅಲೆಗಳು. ಬೆಳಕಿನ ಅಲೆಯ ಉದ್ದ ಕೂದಲೆಳೆಗಿಂತಲೂ ಕಿರಿದು. ರೇಡಿಯೋ ಅಲೆಯ ಉದ್ದ ಗೇಣು, ಮಾರು, ಫರ್ಲಾಂಗುಗಳ ಲೆಕ್ಕದ್ದು. ಗೆಲಕ್ಸಿ ಎಂದರೆ ನಕ್ಷತ್ರಗಳ ಮಹಾಸಮೂಹ. ಹತ್ತು ಸಾವಿರ ಕೋಟಿಗೂ ಹೆಚ್ಚು ನಕ್ಷತ್ರಗಳುಳ್ಳ ನಮ್ಮ ಆಕಾಶಗಂಗೆಯೂ ಒಂದು ಗೆಲಕ್ಸಿಯೇ. ಎಲ್ಲ ಗೆಲಕ್ಸಿಗಳೂ ಅಷ್ಟಿಷ್ಟು ರೇಡಿಯೋ ಅಲೆಗಳನ್ನು ಹೊರಸೂಸುತ್ತವೆ. ಅವುಗಳಲ್ಲಿ ಕೆಲವು ಮಾತ್ರ ಉಳಿದವುಗಳಿಗಿಂತ ಸಾವಿರಾರು ಪಟ್ಟು, ಲಕ್ಷಾಂತರ ಪಟ್ಟು ಪ್ರಬಲವಾಗಿ ಸೂಸುತ್ತವೆ. ರೇಡಿಯೋ ಗೆಲಕ್ಸಿ ಎಂಬ ಹೆಸರು ಅವುಗಳಿಗೆ ಸಲ್ಲುತ್ತದೆ.

ಇವುಗಳಲ್ಲಿ ಮೊದಲು ಗಮನಕ್ಕೆ ಬಂದದ್ದು ಹಂಸ ನಕ್ಷತ್ರಪುಂಜದಲ್ಲಿರುವ ಸಿಗ್ನಸ್-ಎ. ಎರಡನೆಯ ಮಹಾಯುದ್ಧ ಮುಗಿದ ಮರುವರ್ಷ, 1946ರಲ್ಲಿ, ಇಂಗ್ಲೆಂಡಿನ ಹೇ ಮತ್ತು ಅವರ ಸಂಗಡಿಗರು ಆ ದಿಕ್ಕಿನಿಂದ ಬರುವ ಪ್ರಬಲ ರೇಡಿಯೋ ಮೂಲವನ್ನು ಗುರುತಿಸಿದರು. ಅದು ನಮ್ಮ ಆಕಾಶಗಂಗೆಯೊಳಗಿನ ಯಾವುದೋ ನಕ್ಷತ್ರವಿರಬಹುದೆಂದು ಅನೇಕರು ಎಣಿಸಿದ್ದರು. ಬಾಡೆ ಮತ್ತು ಮಿಂಕೋವ್‌ಸ್ಕಿ ಎಂಬ ಖಗೋಳಜ್ಞರು ಪಲೋಮಾರ್ ಬೆಟ್ಟದ ದೊಡ್ಡ ದೂರದರ್ಶಕದಿಂದ ಆ ಜಾಗವನ್ನು ನೋಡಿದಾಗ ಕಂಡದ್ದು ಎಪ್ಪತ್ತು ಕೋಟಿ ಜ್ಯೋತಿರ್ವರ್ಷಗಳಿಗೂ ಹೆಚ್ಚು ದೂರದಲ್ಲಿರುವ ಒಂದು ಮಸುಕು ಗೆಲಕ್ಸಿ. ಅಷ್ಟು ದೂರದಿಂದ ಬಂದರೂ ಅದರ ರೇಡಿಯೋ ಅಲೆಗಳು ನಮ್ಮ ಇಡೀ ಆಕಾಶದ ಅತ್ಯಂತ ಪ್ರಬಲ ಮೂಲಗಳ ಸಾಲಿನಲ್ಲಿ ನಿಲ್ಲುತ್ತವೆ.

ಮುಂದಿನ ಅಚ್ಚರಿಯಲ್ಲಿ ಭಾರತೀಯರೊಬ್ಬರ ಪಾಲಿದೆ. ಬಂಗಾಲದ ಮೃಣಾಲ್ ಕುಮಾರ್ ದಾಸ್‌ಗುಪ್ತ ಮತ್ತು ಅವರ ಜೊತೆಗಾರ ರೋಜರ್ ಜೆನ್ನಿಸನ್ ಇಂಗ್ಲೆಂಡಿನ ಜಾಡ್ರೆಲ್ ಬ್ಯಾಂಕ್‌ನಲ್ಲಿ ಈ ಮೂಲದ ಆಕಾರವನ್ನು ಅಳೆದು 1953ರಲ್ಲಿ ಪ್ರಕಟಿಸಿದರು. ರೇಡಿಯೋ ಅಲೆಗಳು ಹೆಚ್ಚಾಗಿ ಗೆಲಕ್ಸಿಯ ನಡುವಿನಿಂದ ಬರುತ್ತಿರಲಿಲ್ಲ. ಅದರ ಎಡಕ್ಕೂ ಬಲಕ್ಕೂ, ಕಾಣುವ ಗೆಲಕ್ಸಿಯಿಂದ ಬಹುದೂರ, ಖಾಲಿಯೆಂದು ತೋರುವ ಜಾಗದಲ್ಲಿ ಎರಡು ದೊಡ್ಡ ಮೋಡಗಳಿದ್ದವು. ಅಲೆಗಳು ಬರುತ್ತಿದ್ದುದು ಅವುಗಳಿಂದ. ಈ ಮೋಡಗಳನ್ನು ಇಂದು ಹಾಲೆಗಳು ಎನ್ನುತ್ತಾರೆ. ಒಂದು ಹಾಲೆಯ ತುದಿಯಿಂದ ಇನ್ನೊಂದರ ತುದಿಗೆ ಸುಮಾರು 4 ಲಕ್ಷ ಜ್ಯೋತಿರ್ವರ್ಷ ದೂರ. ನಮ್ಮ ಆಕಾಶಗಂಗೆಯ ಅಗಲ ಸುಮಾರು 1 ಲಕ್ಷ ಜ್ಯೋತಿರ್ವರ್ಷ ಎಂಬುದನ್ನು ನೆನೆದರೆ ಇದರ ವಿಸ್ತಾರ ಮನಸ್ಸಿಗೆ ಬಂದೀತು.

ಒಲೆ ಒಂದೆಡೆ, ಕಾವು ಇನ್ನೊಂದೆಡೆ ಇರುವುದು ಹೇಗೆ? ಈ ಪ್ರಶ್ನೆಗೆ ಉತ್ತರ ರೂಪುಗೊಳ್ಳಲು ಇಪ್ಪತ್ತು ವರ್ಷ ಹಿಡಿಯಿತು. 1918ರಷ್ಟು ಹಿಂದೆಯೇ ಹೀಬರ್ ಕರ್ಟಿಸ್ ಎಂಬವರು ಕನ್ಯಾರಾಶಿಯ ಎಂ-87 ಗೆಲಕ್ಸಿಯ ನಡುವಿನಿಂದ ನೇರವಾದ ಬೆಳಕಿನ ಗೆರೆಯೊಂದು ಹೊರಟಿರುವುದನ್ನು ಕಂಡಿದ್ದರು. 1974ರಲ್ಲಿ ಬ್ಲಾಂಡ್‌ಫರ್ಡ್ ಮತ್ತು ರೀಸ್ ಅವರೂ, ಅದೇ ವರ್ಷ ಬೇರೆಯಾಗಿ ಶಾಯರ್ ಅವರೂ ಇದರ ಗುಟ್ಟನ್ನು ವಿವರಿಸಿದರು. ಗೆಲಕ್ಸಿಯ ನಡುವಿನಿಂದ ಪರಸ್ಪರ ವಿರುದ್ಧ ದಿಕ್ಕುಗಳಿಗೆ ಎರಡು ಚಿಮ್ಮುಧಾರೆಗಳು ಸದಾ ಹೊರಡುತ್ತವೆ; ಅವೇ ಆ ದೂರದ ಹಾಲೆಗಳನ್ನು ತುಂಬುತ್ತವೆ. ಈ ಧಾರೆಗಳನ್ನು ಜೆಟ್ ಎಂದು ಕರೆಯುವುದು ವಾಡಿಕೆ.

ಜೆಟ್ಟಿನ ಮೂಲದಲ್ಲಿರುವುದು ಕಪ್ಪುಕುಳಿ. ಎಂ-87ರ ನಡುವಿರುವ ಕಪ್ಪುಕುಳಿಯ ತೂಕ 650 ಕೋಟಿ ಸೂರ್ಯರಷ್ಟು. ಅದರ ಸುತ್ತಣ ಉಂಗುರದ ಚಿತ್ರವನ್ನು 2019ರ ಏಪ್ರಿಲ್ 10ರಂದು ಜಗತ್ತೆಲ್ಲ ಕಂಡಿತು. ಅನಿಲ ಮತ್ತು ಧೂಳು ಸುಳಿಯಂತೆ ಸುತ್ತುತ್ತ ಕಪ್ಪುಕುಳಿಯತ್ತ ಬೀಳುತ್ತವೆ. ಬೀಳುವ ವಸ್ತು ತನ್ನೊಂದಿಗೆ ಕಾಂತಕ್ಷೇತ್ರವನ್ನೂ ಎಳೆದು ತರುತ್ತದೆ. ತಿರುಗುವ ಕಪ್ಪುಕುಳಿಯ ಸುತ್ತ ಆ ಕಾಂತರೇಖೆಗಳು ಹಗ್ಗದಂತೆ ಹುರಿಗೊಂಡು, ಅಕ್ಷದ ಎರಡೂ ದಿಕ್ಕಿಗೆ ಕಣಗಳನ್ನು ಬೆಳಕಿನ ವೇಗಕ್ಕೆ ಹತ್ತಿರದ ವೇಗದಲ್ಲಿ ಚಿಮ್ಮಿಸುತ್ತವೆ. ಕಪ್ಪುಕುಳಿ ಎಲ್ಲವನ್ನೂ ನುಂಗುತ್ತದೆ ಎಂದು ನಾವು ಕೇಳಿರುತ್ತೇವೆ. ಅದರ ಬಾಗಿಲಿಗೆ ಬಂದದ್ದರಲ್ಲಿ ಒಂದು ಪಾಲು ಒಳಹೋಗದೆ ಲಕ್ಷಾಂತರ ಜ್ಯೋತಿರ್ವರ್ಷಗಳಾಚೆಗೆ ಸಾಗಿಹೋಗುತ್ತದೆ ಎಂಬುದೂ ಅಷ್ಟೇ ನಿಜ.

ಹೀಗೆ ಹಾಲೆಗಳಲ್ಲಿ ಕೂಡಿಟ್ಟ ಶಕ್ತಿ ಎಷ್ಟೆಂಬುದನ್ನು 1950ರ ದಶಕದಲ್ಲಿ ಜೆಫ್ರಿ ಬರ್ಬಿಜ್ ಲೆಕ್ಕ ಹಾಕಿದಾಗ ವಿಜ್ಞಾನಿಗಳೇ ಬೆರಗಾದರು. ದೊಡ್ಡ ರೇಡಿಯೋ ಗೆಲಕ್ಸಿಯೊಂದರ ಹಾಲೆಗಳಲ್ಲಿರುವ ಶಕ್ತಿ, ನಮ್ಮ ಸೂರ್ಯನಂಥ ನೂರು ಕೋಟಿ ಸೂರ್ಯರು ತಮ್ಮ ಇಡೀ ಆಯುಷ್ಯದಲ್ಲಿ ಸುರಿಸುವ ಬೆಳಕಿನ ಶಕ್ತಿಗೆ ಸಮ.

ಈ ವ್ಯವಸ್ಥೆಗೂ ಹುಟ್ಟು, ಪ್ರಾಯ, ಮುಪ್ಪುಗಳಿವೆ. ಹುಟ್ಟಿದ ಹೊಸತರಲ್ಲಿ ಜೋಡಿ ಹಾಲೆಗಳು ಗೆಲಕ್ಸಿಯ ಒಡಲಿನಲ್ಲೇ ಅಡಗಿದಷ್ಟು ಚಿಕ್ಕವಾಗಿರುತ್ತವೆ. ಇಂಥ ಕೆಲವು ಎಳೆಯ ಮೂಲಗಳ ಎರಡು ತುದಿಗಳು ದೂರ ಸರಿಯುವುದನ್ನು ವರ್ಷಗಳ ಅಂತರದಲ್ಲಿ ಅಳೆದು ನೋಡಿದ್ದಾರೆ. ಆ ಅಳತೆಯ ಪ್ರಕಾರ ಅವುಗಳಲ್ಲಿ ಕೆಲವುಗಳ ವಯಸ್ಸು ಸಾವಿರ ವರ್ಷದ ಆಸುಪಾಸು. ನಮ್ಮ ನಾಡಿನಲ್ಲಿ ರಾಷ್ಟ್ರಕೂಟರ ಆಳ್ವಿಕೆ ಮುಗಿದು ಚಾಲುಕ್ಯರು ಮತ್ತೆ ತಲೆಯೆತ್ತಿದ ಕಾಲದಿಂದ ಇಂದಿನವರೆಗಿನಷ್ಟು! ಆಕಾಶದ ಲೆಕ್ಕದಲ್ಲಿ ಇದು ತೊಟ್ಟಿಲ ಕೂಸು. ಇಂಥ ಎಳೆಯ ಮೂಲಗಳೆಲ್ಲವೂ ಬೆಳೆದು ದೊಡ್ಡವಾಗುವುದಿಲ್ಲ. ಆಹಾರ ನಿಂತು ಹಲವು ಅಲ್ಲಿಗೇ ಕಮರುತ್ತವೆ.

ಉಳಿದವು ಕೋಟ್ಯಂತರ ವರ್ಷ ಬೆಳೆಯುತ್ತವೆ. ಕೇಂಬ್ರಿಜ್‌ನಲ್ಲಿ ಬರ್ನಾರ್ಡ್ ಫನಾರಾಫ್ ಮತ್ತು ಜೂಲಿಯಾ ರೈಲಿ 1974ರಲ್ಲಿ ಇವುಗಳನ್ನು ಎರಡು ಬಗೆಯಾಗಿ ವಿಂಗಡಿಸಿದರು. ಮೊದಲನೆಯ ಬಗೆಯಲ್ಲಿ ಜೆಟ್ ನಡುದಾರಿಯಲ್ಲೇ ವೇಗ ಕಳೆದುಕೊಂಡು ಹೊಗೆಯಂತೆ ಹರಡುತ್ತದೆ; ಹೊಳಪೆಲ್ಲ ನಡುವಿಗೆ ಹತ್ತಿರ. ಎರಡನೆಯ ಬಗೆಯಲ್ಲಿ ಜೆಟ್ ಎಲ್ಲಿಯೂ ಚದುರದೆ ತುದಿಯವರೆಗೆ ಸಾಗಿ, ಅಲ್ಲಿನ ವಿರಳ ಅನಿಲಕ್ಕೆ ಅಪ್ಪಳಿಸಿ, ಹಾಲೆಯ ತುದಿಯಲ್ಲಿ ಉಜ್ವಲ ಬಿಂದುವನ್ನು ಮೂಡಿಸುತ್ತದೆ. ಸಿಗ್ನಸ್-ಎ ಎರಡನೆಯ ಬಗೆಯದು. 2024ರಲ್ಲಿ ಪ್ರಕಟವಾದ ಪೋರ್ಫೀರಿಯನ್ ಎಂಬ ಮೂಲದಲ್ಲಿ ಜೆಟ್ಟುಗಳು ತುದಿಯಿಂದ ತುದಿಗೆ 2 ಕೋಟಿ 30 ಲಕ್ಷ ಜ್ಯೋತಿರ್ವರ್ಷ ಚಾಚಿಕೊಂಡಿವೆ. ಯುರೋಪಿನ ಲೋಫಾರ್ ದೂರದರ್ಶಕದಲ್ಲಿ ಕಂಡ ಈ ದೈತ್ಯನ ತವರು ಗೆಲಕ್ಸಿ ಯಾವುದೆಂದು ಗುರುತಿಸಲು ನೆರವಾದವುಗಳಲ್ಲಿ ಪುಣೆಯ ಬಳಿಯ ನಮ್ಮ ಜಿ.ಎಂ.ಆರ್.ಟಿ. ದೂರದರ್ಶಕವೂ ಒಂದು.

ಇನ್ನು ಮುಪ್ಪಿನ ಮಾತು. ಕಪ್ಪುಕುಳಿಗೆ ಬೀಳುವ ಅನಿಲ ಕಡಿಮೆಯಾದಾಗ ಜೆಟ್ ಸೊರಗುತ್ತದೆ, ಕೊನೆಗೆ ನಿಲ್ಲುತ್ತದೆ. ಆದರೆ ನಿಂತ ಸುದ್ದಿ ತುದಿಗೆ ಕೂಡಲೇ ಮುಟ್ಟುವುದಿಲ್ಲ. ನಮ್ಮ ಭಾಗದ ರೈತರಿಗೆ ಇದು ಚೆನ್ನಾಗಿ ಗೊತ್ತು. ಕಾಲುವೆಯ ಗೇಟು ಮುಚ್ಚಿದ ಮೇಲೂ ತುದಿಯ ಹೊಲಗಳಿಗೆ ಕೆಲಹೊತ್ತು ನೀರು ಹರಿಯುತ್ತಲೇ ಇರುತ್ತದೆ; ಆಗಲೇ ಕಾಲುವೆಯೊಳಗೆ ಬಂದುಬಿಟ್ಟ ನೀರು ಅದು. ಸಿಗ್ನಸ್-ಎ ಗೆಲಕ್ಸಿಯ ನಡುವಿನಲ್ಲಿ ಜೆಟ್ ಒಂದು ದಿನ ನಿಂತಿತೆನ್ನೋಣ. ಬೆಳಕಿನ ವೇಗದಲ್ಲಿ ಹೊರಟರೂ ಆ ಸುದ್ದಿ ಹಾಲೆಯ ತುದಿಯನ್ನು ಮುಟ್ಟಲು ಸುಮಾರು 2 ಲಕ್ಷ ವರ್ಷ ಬೇಕು. ಅಲ್ಲಿಯವರೆಗೆ ತುದಿಯ ಉಜ್ವಲ ಬಿಂದು ಏನೂ ಆಗಿಲ್ಲವೆಂಬಂತೆ ಬೆಳಗುತ್ತಿರುತ್ತದೆ.

ಕೊನೆಯ ಹನಿಯೂ ತಲುಪಿದ ಮೇಲೆ ಉಜ್ವಲ ಬಿಂದು ಆರುತ್ತದೆ. ಹಾಲೆ ಮಾತ್ರ ಉಳಿಯುತ್ತದೆ. ಅದರೊಳಗಿನ ಎಲೆಕ್ಟ್ರಾನುಗಳು ಕಾಂತರೇಖೆಗಳ ಸುತ್ತ ಸುರುಳಿಯಾಗಿ ಸುತ್ತುತ್ತ ರೇಡಿಯೋ ಅಲೆಗಳನ್ನು ಸೂಸುತ್ತಲೇ ಇರುತ್ತವೆ. ಹೀಗೆ ಸೂಸುವುದರಲ್ಲಿ ಅವುಗಳ ಶಕ್ತಿ ವ್ಯಯವಾಗುತ್ತದೆ, ಆದರೆ ಎಲ್ಲವುಗಳದೂ ಒಂದೇ ಪ್ರಮಾಣದಲ್ಲಲ್ಲ. ಎಲೆಕ್ಟ್ರಾನಿನ ಶಕ್ತಿ ಇಮ್ಮಡಿಯಾಗಿದ್ದರೆ ಅದು ಶಕ್ತಿ ಕಳೆದುಕೊಳ್ಳುವ ವೇಗ ನಾಲ್ಮಡಿ. ಬಹಳ ಗಳಿಸಿದ್ದು ಬಹುಬೇಗ ಬರಿದಾಗುತ್ತದೆ; ಅಲ್ಪಶಕ್ತಿಯ ಎಲೆಕ್ಟ್ರಾನ್ ಬಹುಕಾಲ ಬಾಳುತ್ತದೆ. ಹೆಚ್ಚು ಶಕ್ತಿಯುಳ್ಳವು ಎತ್ತರದ ಆವೃತ್ತಿಯ ಅಲೆಗಳನ್ನೂ ಕಡಿಮೆ ಶಕ್ತಿಯುಳ್ಳವು ತಗ್ಗಿನ ಆವೃತ್ತಿಯ ಅಲೆಗಳನ್ನೂ ಸೂಸುವುದರಿಂದ, ಮುಪ್ಪಿನ ಹಾಲೆಯಲ್ಲಿ ಮೊದಲು ಮಾಯವಾಗುವುದು ಎತ್ತರದ ಸ್ವರ. ತಗ್ಗಿನ ಸ್ವರ ಕೊನೆಯವರೆಗೂ ಉಳಿಯುತ್ತದೆ. ಜೊತೆಗೆ ಹಾಲೆ ಹಿಗ್ಗುತ್ತ ತೆಳುವಾಗುತ್ತದೆ. ವಿಶ್ವದ ಆದಿಯಿಂದ ಉಳಿದಿರುವ ಮಂದ ವಿಕಿರಣಕ್ಕೂ ಎಲೆಕ್ಟ್ರಾನುಗಳು ತಮ್ಮ ಶಕ್ತಿಯನ್ನು ತೆರುತ್ತವೆ. ಒಟ್ಟಿನಲ್ಲಿ ಕೆಲವು ಕೋಟಿ ವರ್ಷಗಳಲ್ಲಿ ಅದು ಸಾಮಾನ್ಯ ರೇಡಿಯೋ ದೂರದರ್ಶಕಗಳಿಗೆ ಕಾಣದಂತಾಗುತ್ತದೆ.

ಹಾಲೆಯ ವಯಸ್ಸನ್ನು ಅಳೆಯುವುದೂ ಇದರಿಂದಲೇ. ಬೇರೆಬೇರೆ ಆವೃತ್ತಿಗಳಲ್ಲಿ ಅದರ ಪ್ರಾಬಲ್ಯ ಎಷ್ಟೆಂದು ಅಳೆದು ನಕ್ಷೆ ಬರೆಯುತ್ತಾರೆ. ಎಡಗಡೆ ತಗ್ಗಿನ ಆವೃತ್ತಿ, ಬಲಗಡೆ ಎತ್ತರದ ಆವೃತ್ತಿ. ಜೆಟ್ ಜೀವಂತವಾಗಿದ್ದರೆ ಗೆರೆ ಎಡದಿಂದ ಬಲಕ್ಕೆ ಮೆಲ್ಲನೆ ಇಳಿಯುತ್ತದೆ. ಜೆಟ್ ನಿಂತು ಬಹುಕಾಲವಾಗಿದ್ದರೆ ಬಲಗಡೆಯಲ್ಲಿ ಗೆರೆ ಬಾವಿಗೆ ಇಳಿದಂತೆ ಕುಸಿಯುತ್ತದೆ. ಬಿ2 0924+30 ಎಂಬ ಮೂಲವನ್ನು 1987ರಲ್ಲಿ ಕಾರ್ಡೆ ಎಂಬವರು ಇಂಥ ಆರಿದ ಗೆಲಕ್ಸಿಯಿರಬಹುದೆಂದು ಗುರುತಿಸಿದರು. ನಂತರದ ಅಳತೆಗಳ ಪ್ರಕಾರ ಅದರ ಜೆಟ್ ನಿಂತು ಸುಮಾರು 5 ಕೋಟಿ ವರ್ಷಗಳಾಗಿವೆ.

ಈ ನಕ್ಷೆಯನ್ನು ಪುಸ್ತಕದಲ್ಲಿ ಕಾಣುವ ಮೊದಲೇ ನಾನು ಅದರಂಥದೇ ಒಂದು ಗೆರೆಯನ್ನು ಕಿವಿಯ ವೈದ್ಯರ ಕೋಣೆಯಲ್ಲಿ ಕಂಡಿದ್ದೆ. ನಮ್ಮ ಮಾವನವರು ಹಳ್ಳಿಯ ಕನ್ನಡ ಶಾಲೆಯಲ್ಲಿ ಮೂವತ್ತಾರು ವರ್ಷ ಮಾಸ್ತರರಾಗಿದ್ದವರು. ಎಂಬತ್ತು ದಾಟಿದ ಮೇಲೆ ಅವರು ಊಟಕ್ಕೆ ಕುಳಿತಾಗ ಮಾತಿಗೆ ಮಾತು ಕೂಡಿಸುವುದನ್ನು ಮೆಲ್ಲಮೆಲ್ಲನೆ ಬಿಟ್ಟರು. ಮೊಮ್ಮಗಳು ‘ಅಜ್ಜಾ, ಹಾಲು ತರ್ಲೇನು?’ ಎಂದರೆ ‘ಕಾಲಿಗೇನಾತವ್ವಾ?’ ಎಂದು ಕೇಳುವರು. ಮೊದಮೊದಲು ಎಲ್ಲರೊಡನೆ ತಾವೂ ನಗುತ್ತಿದ್ದರು. ಬರಬರುತ್ತ ಕೇಳುವುದನ್ನೇ ನಿಲ್ಲಿಸಿ, ಪಡಸಾಲೆಯ ಮೂಲೆಯ ಕುರ್ಚಿಯಲ್ಲಿ ಸುಮ್ಮನೆ ಕುಳಿತಿರತೊಡಗಿದರು. ಬಂದುಹೋಗುವ ನೆಂಟರು ‘ವಯಸ್ಸಾತು, ತಲಿ ಮಂಕಾಗೇದ’ ಎಂದು ಅವರ ಎದುರಿಗೇ ಹೇಳತೊಡಗಿದರು. ಅತ್ತೆಯವರು ಮಾತ್ರ ಒಪ್ಪಲಿಲ್ಲ. ‘ಅವರಿಗೆ ಎಲ್ಲಾ ತಿಳೀತದ. ಕೇಳ್ಸೂದಿಲ್ಲ, ಅಷ್ಟ’ ಎನ್ನುತ್ತಿದ್ದರು.

ವೈದ್ಯರು ಪರೀಕ್ಷಿಸಿ ಕೊಟ್ಟ ಕಾಗದದಲ್ಲಿ ಗೆರೆ ಎಡಗಡೆ ಬಹುಮಟ್ಟಿಗೆ ಸರಿಯಾಗಿಯೇ ಇತ್ತು. ಬಲಗಡೆ ಕಡಿದಾಗಿ ಕುಸಿದಿತ್ತು. ವಯಸ್ಸಾದಂತೆ ಕಿವಿಯಿಂದ ಮೊದಲು ಹೋಗುವುದು ಎತ್ತರದ ಸ್ವರಗಳೆಂದು ಅವರು ವಿವರಿಸಿದರು. ‘ಆ’, ‘ಓ’ ಮೊದಲಾದ ಸ್ವರಗಳು ತಗ್ಗಿನವು. ‘ಸ’, ‘ಹ’, ‘ಕ’ದಂಥ ವ್ಯಂಜನಗಳನ್ನು ಗುರುತಿಸಿಕೊಡುವುದು ಎತ್ತರದ ಸದ್ದು. ಆದ್ದರಿಂದಲೇ ಕಾಲು, ಹಾಲು, ಸಾಲು ಎಲ್ಲವೂ ಅವರಿಗೆ ಒಂದೇ. ಮಕ್ಕಳ ತೆಳುದನಿ ಹೋಗಿ, ಗಂಡಸರ ಗಡಸುದನಿ ಉಳಿದಿತ್ತು. ‘ಕೂಗಬೇಡಿ. ಎದುರಿಗೆ ಕುಳಿತು, ದನಿ ತಗ್ಗಿಸಿ, ನಿಧಾನವಾಗಿ ಹೇಳಿ’ ಎಂದರು ವೈದ್ಯರು.

ಆ ಸಲಹೆಯ ಬೆಲೆ ನಮಗೆ ತಿಳಿದದ್ದು ಊರಿನ ಹೊಲ ಮಾರುವ ಮಾತು ಬಂದಾಗ. ಕುಟುಂಬದ ಹಿರಿಯರೆಲ್ಲ ಕೂಡಿದ್ದರು. ಪಾಲಿನ ಲೆಕ್ಕ ಸಿದ್ಧವಾಗಿತ್ತು. ಅವರಿಗೆ ತಿಳಿಯುವುದಿಲ್ಲ, ಕೊನೆಗೆ ಸಹಿ ಮಾಡಿಸಿದರಾಯಿತು ಎಂಬುದು ಹಲವರ ಅಭಿಪ್ರಾಯ. ನಮ್ಮ ಯಜಮಾನರು ಮಾತ್ರ ತಂದೆಯ ಎದುರಿಗೆ ಕುಳಿತು, ತಗ್ಗಿದ ದನಿಯಲ್ಲಿ, ಒಂದೊಂದೇ ಮಾತಾಗಿ ಎಲ್ಲವನ್ನೂ ಹೇಳಿದರು. ಮುಕ್ಕಾಲು ತಾಸು ಹಿಡಿಯಿತು. ಮಾವನವರು ಕಣ್ಣುಮುಚ್ಚಿ ಕೇಳಿದರು. ಮುಗಿದ ಮೇಲೆ ಒಂದೇ ಪ್ರಶ್ನೆ ಕೇಳಿದರು: ‘ತಂಗಿಗೇನು ಕೊಡಬೇಕಂತ ಮಾಡೀರಿ?’ ಎಳೆಯ ವಯಸ್ಸಿನಲ್ಲೇ ವಿಧವೆಯಾಗಿ ತವರಿನ ನೆರಳಲ್ಲಿ ಬದುಕಿದ ಅವರ ತಂಗಿಯ ಹೆಸರು ಆ ಲೆಕ್ಕದಲ್ಲಿ ಎಲ್ಲಿಯೂ ಇರಲಿಲ್ಲ. ಲೆಕ್ಕವನ್ನು ಹರಿದು ಹೊಸದಾಗಿ ಬರೆಯಬೇಕಾಯಿತು. ಇಂದು ಆ ಅಜ್ಜಿ ತಮ್ಮದೇ ಎರಡು ಕೋಣೆಯ ಮನೆಯಲ್ಲಿದ್ದಾರೆ.

ಆಕಾಶದಲ್ಲಿಯೂ ಹೀಗೆ ತಗ್ಗಿನ ದನಿಗೆ ಕಿವಿಗೊಡುವ ಕೆಲಸ ನಡೆದಿದೆ, ಅದರಲ್ಲಿ ಕರ್ನಾಟಕದ ಪಾಲು ಸಣ್ಣದಲ್ಲ. ಬೆಂಗಳೂರಿನ ಉತ್ತರಕ್ಕಿರುವ ಗೌರಿಬಿದನೂರಿನ ಬಳಿ ಭಾರತೀಯ ಖಭೌತ ಸಂಸ್ಥೆ ಮತ್ತು ರಾಮನ್ ಸಂಶೋಧನಾ ಸಂಸ್ಥೆಗಳು ಕೂಡಿ 1970ರ ದಶಕದಲ್ಲಿ ಡೆಕಾಮೀಟರ್ ಅಲೆಗಳ ದೂರದರ್ಶಕವನ್ನು ನಿರ್ಮಿಸಿದವು. ಅದರ ಆವೃತ್ತಿ 34.5 ಮೆಗಾಹರ್ಟ್ಸ್, ಅಲೆಯ ಉದ್ದ ಒಂಬತ್ತು ಮೀಟರಿಗೆ ತುಸು ಕಡಿಮೆ. ಇಂಗ್ಲಿಷಿನ ‘ಟಿ’ ಅಕ್ಷರದ ಆಕಾರದಲ್ಲಿ ಹಬ್ಬಿದ ಸಾವಿರ ಆಂಟೆನಾಗಳು. ಭಾರೀ ಬೋಗುಣಿಯನ್ನು ನೋಡುವ ಆಸೆಯಿಂದ ನನ್ನೊಡನೆ ಬಂದಿದ್ದ ವಿದ್ಯಾರ್ಥಿಗಳಿಗೆ ತಂತಿಗಳ ಆ ಸಾಲು ಕಂಡು ನಿರಾಸೆಯೇ ಆಗಿತ್ತು. ಆದರೆ ಕೆ. ಎಸ್. ದ್ವಾರಕಾನಾಥ್ ಮತ್ತು ಎನ್. ಉದಯಶಂಕರ್ ಅವರು ಆ ತಂತಿಗಳ ನೆರವಿನಿಂದ ಆಕಾಶದ ಬಹುಭಾಗದ ನಕ್ಷೆ ಬರೆದು 1990ರಲ್ಲಿ ಪ್ರಕಟಿಸಿದರು. ಅಷ್ಟು ತಗ್ಗಿನ ಆವೃತ್ತಿಯಲ್ಲಿ ಅಂಥ ನಕ್ಷೆ ಅಪರೂಪದ್ದು.

ಅದೇ ಮಾರ್ಗದಲ್ಲಿ ದೊಡ್ಡ ಹೆಜ್ಜೆಯಿಟ್ಟವರು ಗೋವಿಂದ ಸ್ವರೂಪ್. 1970ರಲ್ಲಿ ಊಟಿಯ ಬೆಟ್ಟದ ಇಳಿಜಾರಿನಲ್ಲಿ 530 ಮೀಟರ್ ಉದ್ದದ ರೇಡಿಯೋ ದೂರದರ್ಶಕವನ್ನು ಕಟ್ಟಿದ ಅವರೇ, ಮುಂದೆ ಪುಣೆಯ ಉತ್ತರಕ್ಕಿರುವ ಖೋಡದ್ ಗ್ರಾಮದ ಬಳಿ ಜಿ.ಎಂ.ಆರ್.ಟಿ.ಯನ್ನು ರೂಪಿಸಿದರು. 45 ಮೀಟರ್ ಅಗಲದ 30 ಬೋಗುಣಿಗಳು ಸುಮಾರು 25 ಕಿಲೋಮೀಟರ್ ವಿಸ್ತಾರದಲ್ಲಿ ಹರಡಿಕೊಂಡು ಒಂದೇ ಕಿವಿಯಂತೆ ಕೆಲಸ ಮಾಡುತ್ತವೆ. 2020ರಲ್ಲಿ ಸ್ವರೂಪ್ ತೀರಿಕೊಂಡರು. ಅವರು ಕಟ್ಟಿದ ಕಿವಿಗಳು ಇಂದಿಗೂ ಕೇಳುತ್ತಿವೆ. ಇವು ಮತ್ತು ಯುರೋಪಿನ ಲೋಫಾರ್ ಕೂಡಿ ಈಚಿನ ವರ್ಷಗಳಲ್ಲಿ ಆರಿದ ಅನೇಕ ಗೆಲಕ್ಸಿಗಳನ್ನು ಹುಡುಕಿ ತೆಗೆದಿವೆ. ಹಾಗಿದ್ದರೂ ರೇಡಿಯೋ ಗೆಲಕ್ಸಿಗಳ ಪೈಕಿ ಪೂರ್ತಿ ಆರಿದವು ಹತ್ತರಲ್ಲಿ ಒಂದರಷ್ಟು ಮಾತ್ರ ಸಿಗುತ್ತವೆ. ಆರಿದ ಮೇಲೆ ಅವು ಬೇಗ ಮಸುಕಾಗುವುದು ಇದಕ್ಕೊಂದು ಕಾರಣ. ಇನ್ನೊಂದು ಕಾರಣ ಇನ್ನೂ ಸ್ವಾರಸ್ಯದ್ದು: ಎಷ್ಟೋ ಒಲೆಗಳು ಮತ್ತೆ ಹೊತ್ತಿಕೊಳ್ಳುತ್ತವೆ.

ಕಪ್ಪುಕುಳಿಯ ಕಡೆಗೆ ಅನಿಲ ಮತ್ತೆ ಹರಿದುಬಂದರೆ ಜೆಟ್ ಮತ್ತೆ ಚಿಮ್ಮುತ್ತದೆ. ಆಗ ಹಳೆಯ ಹಾಲೆಗಳ ಒಳಗಡೆಯಲ್ಲಿಯೇ, ಅದೇ ನೇರದಲ್ಲಿ, ಹೊಸ ಹಾಲೆಗಳ ಜೋಡಿ ಮೂಡುತ್ತದೆ. 2000ದಲ್ಲಿ ಸ್ಕೂನ್‌ಮೇಕರ್ಸ್ ಮತ್ತು ಸಂಗಡಿಗರು ಇಂಥವುಗಳಿಗೆ ಜೋಡಿಜೋಡಿ ರೇಡಿಯೋ ಗೆಲಕ್ಸಿಗಳೆಂದು ಹೆಸರಿಟ್ಟರು. 2011ರಲ್ಲಿ ಆನಂದ ಹೋತಾ ಮತ್ತು ಸಹೋದ್ಯೋಗಿಗಳು ‘ಸ್ಪೆಕಾ’ ಎಂಬ ಸುರುಳಿ ಗೆಲಕ್ಸಿಯಲ್ಲಿ ಜೆಟ್ ಹಲವು ಬಾರಿ ಹೊತ್ತಿ ಆರಿದ ಕುರುಹುಗಳನ್ನು ಕಂಡರು. 2016ರಲ್ಲಿ ಜಿ.ಎಂ.ಆರ್.ಟಿ.ಯನ್ನು ಬಳಸಿದ ಭಾರತೀಯ ಸಂಶೋಧಕರು ಜೆ1216+0709 ಎಂಬ ಗೆಲಕ್ಸಿಯಲ್ಲಿ ಒಂದರೊಳಗೊಂದಾಗಿ ಮೂರು ಜೋಡಿ ಹಾಲೆಗಳನ್ನು ಗುರುತಿಸಿದರು. ಮೂರು ಬಾರಿ ಹೊತ್ತಿದ ಒಲೆ ಅದು.

ಹೊತ್ತುವುದು, ಆರುವುದು ಏಕೆಂಬುದಕ್ಕೂ ಕಾರಣವಿದೆ. ಗೆಲಕ್ಸಿಗಳ ದೊಡ್ಡ ಗುಂಪುಗಳ ನಡುವೆ ಬಿಸಿ ಅನಿಲ ತುಂಬಿಕೊಂಡಿರುತ್ತದೆ. ಅದು ತಣಿದು ನಡುವಿನ ಗೆಲಕ್ಸಿಗೆ ಇಳಿದಾಗ ಕಪ್ಪುಕುಳಿಗೆ ಆಹಾರ ಸಿಗುತ್ತದೆ, ಜೆಟ್ ಚಿಮ್ಮುತ್ತದೆ. ಆ ಜೆಟ್ ಸುತ್ತಲಿನ ಅನಿಲವನ್ನು ಕಾಯಿಸಿ ದೂರ ತಳ್ಳುತ್ತದೆ. ತನ್ನ ಆಹಾರವನ್ನು ತಾನೇ ಕಡಿಮೆ ಮಾಡಿಕೊಂಡು ಸೊರಗುತ್ತದೆ. ಅನಿಲ ಮತ್ತೆ ತಣಿದಾಗ ಮತ್ತೆ ಮೊದಲಿನಿಂದ. ಸುಬ್ರಹ್ಮಣ್ಯನ್ ಚಂದ್ರಶೇಖರ್ ಅವರ ಹೆಸರು ಹೊತ್ತು 1999ರಲ್ಲಿ ಕಕ್ಷೆಗೇರಿದ ಚಂದ್ರ ಎಕ್ಸ್-ಕಿರಣ ದೂರದರ್ಶಕ ಪರ್ಸಿಯಸ್ ಗುಂಪಿನ ಅನಿಲದಲ್ಲಿ ಇಂಥ ಜೆಟ್ಟುಗಳು ಊದಿದ ಗುಳ್ಳೆಗಳನ್ನು ಸ್ಪಷ್ಟವಾಗಿ ತೋರಿಸಿತು. ಅವುಗಳ ಆಚೆಗೆ, ಹಿಂದಿನ ಸಲ ಊದಿದ ಹಳೆಯ ಗುಳ್ಳೆಗಳೂ ಕಾಣುತ್ತವೆ. ರೇಡಿಯೋದಲ್ಲಿ ಬಹುಮಟ್ಟಿಗೆ ಮೌನವಾದ ಮೇಲೂ ಅವು ಮಾಡಿದ ಜಾಗ ಹಾಗೆಯೇ ಇದೆ. ಹೀಗೆ ಕಾವು ಸಿಗದಿದ್ದರೆ ಆ ಅನಿಲವೆಲ್ಲ ಎಂದೋ ತಣಿದು ಮಿತಿಮೀರಿ ನಕ್ಷತ್ರಗಳಾಗುತ್ತಿತ್ತೆಂದು ವಿಜ್ಞಾನಿಗಳು ತಿಳಿಯುತ್ತಾರೆ.

ಒಲೆ ಮತ್ತೆ ಹೊತ್ತದಿದ್ದರೂ ಹಳೆಯ ಹಾಲೆಗೆ ಇನ್ನೊಂದು ಅವಕಾಶವುಂಟು. ಗೆಲಕ್ಸಿಗಳ ಗುಂಪುಗಳು ಒಂದಕ್ಕೊಂದು ಕೂಡುವಾಗ ಎದ್ದ ಆಘಾತದ ಅಲೆ ಆ ಹಾಲೆಯ ಮೇಲೆ ಹಾದುಹೋದರೆ, ಅದರೊಳಗಿನ ಕಣಗಳೂ ಕಾಂತಕ್ಷೇತ್ರವೂ ಒತ್ತಲ್ಪಟ್ಟು ಅದು ಮತ್ತೆ ಬೆಳಗಬಹುದೆಂದು ಎನ್ಸ್‌ಲಿನ್ ಮತ್ತು ಪುಣೆಯ ಗೋಪಾಲ್-ಕೃಷ್ಣ 2001ರಲ್ಲಿ ತೋರಿಸಿಕೊಟ್ಟರು. ಬೂದಿಯಿಂದ ಏಳುವ ಫೀನಿಕ್ಸ್ ಹಕ್ಕಿಯ ಹೆಸರನ್ನೇ ಇಂಥ ಮೂಲಗಳಿಗೆ ಇಟ್ಟಿದ್ದಾರೆ. ನಮ್ಮ ಆಕಾಶಗಂಗೆಯ ನಡುವೆಯೂ 40 ಲಕ್ಷ ಸೂರ್ಯರಷ್ಟು ತೂಕದ ಕಪ್ಪುಕುಳಿಯೊಂದಿದೆ. ಈಗ ಅದು ಬಹಳ ಶಾಂತ. ಆದರೆ 2010ರಲ್ಲಿ ಫರ್ಮಿ ಉಪಗ್ರಹದ ಅಳತೆಗಳಲ್ಲಿ, ಆಕಾಶಗಂಗೆಯ ತಟ್ಟೆಯ ಮೇಲಕ್ಕೂ ಕೆಳಕ್ಕೂ ತಲಾ 25 ಸಾವಿರ ಜ್ಯೋತಿರ್ವರ್ಷ ಚಾಚಿದ ಎರಡು ಗುಳ್ಳೆಗಳು ಕಂಡವು. ಅವು ಆ ಕಪ್ಪುಕುಳಿ ಹಿಂದೊಮ್ಮೆ ಚುರುಕಾಗಿದ್ದುದರ ಗುರುತಿರಬಹುದೆಂಬುದು ವಿಜ್ಞಾನಿಗಳು ಮುಂದಿಡುವ ವಿವರಣೆಗಳಲ್ಲೊಂದು.

ಮಾವನವರು ತೀರಿಕೊಂಡು ನಾಲ್ಕು ವರ್ಷಗಳಾದವು. ಹೋದ ವರ್ಷ ಒಂದು ಮಧ್ಯಾಹ್ನ ಅರವತ್ತು ದಾಟಿದವರೊಬ್ಬರು ಕೈಯಲ್ಲಿ ಹಣ್ಣಿನ ಚೀಲ ಹಿಡಿದು ಮನೆ ಹುಡುಕಿಕೊಂಡು ಬಂದರು. ‘ಮಾಸ್ತರರು ಇದ್ದಾರೇನ್ರಿ?’ ಎಂದು ಕೇಳಿದರು. ನಾಲ್ಕನೆಯ ಇಯತ್ತೆಯಲ್ಲಿ ಅವರ ಹತ್ತಿರ ಕಲಿತವರಂತೆ. ದೂರದ ಊರಿನಲ್ಲಿ ನೌಕರಿ ಮಾಡಿ ಮರಳಿದವರಿಗೆ ಸುದ್ದಿ ಮುಟ್ಟಿರಲಿಲ್ಲ. ಅತ್ತೆಯವರು ಅವರನ್ನು ಕೂರಿಸಿ ಚಹಾ ಕೊಟ್ಟರು. ಬಂದವರು ತಮ್ಮ ಮೊಮ್ಮಗನಿಗೆ ತಾವೇ ಕಾಲು, ಅರೆ, ಮುಕ್ಕಾಲಿನ ಮಗ್ಗಿ ಕಲಿಸುತ್ತಿರುವುದಾಗಿ, ಅದೂ ಮಾಸ್ತರರು ಕಲಿಸಿದ ರಾಗದಲ್ಲಿಯೇ ಕಲಿಸುತ್ತಿರುವುದಾಗಿ ಹೇಳಿದರು. ಅತ್ತೆಯವರು ಬಹಳ ಹೊತ್ತು ಮಾತನಾಡಲಿಲ್ಲ. ಅವರು ಹೊರಟು ನಿಂತಾಗ ‘ಮತ್ತ ಬರ್ರಿ, ಮೊಮ್ಮಗನ್ನ ಕರಕೊಂಡು ಬರ್ರಿ’ ಎಂದರು.

ಗೆಲಕ್ಸಿಗೂ ಮನುಷ್ಯನಿಗೂ ಹೋಲಿಕೆ ಒಂದು ಮಿತಿಯವರೆಗೆ ಮಾತ್ರ ಸಲ್ಲುತ್ತದೆ. ಗೆಲಕ್ಸಿಗೆ ಮನಸ್ಸಿಲ್ಲ, ನಮಗೆ ನೀತಿ ಹೇಳಬೇಕೆಂದು ಅದು ಬೆಳಗುವುದೂ ಇಲ್ಲ, ಆರುವುದೂ ಇಲ್ಲ. ಅದರ ಕಣಗಳು ಭೌತನಿಯಮಗಳನ್ನು ಪಾಲಿಸುತ್ತವೆ, ಅಷ್ಟೆ. ಆದರೆ ಕೇಳುವವರಿಗೆ ಅದು ಕಲಿಸಿದ ಒಂದು ಶಿಸ್ತು ಇದೆ. ಒಂದು ಆವೃತ್ತಿಯಲ್ಲಿ ಏನೂ ಕೇಳಿಸದಿದ್ದರೆ ಅಲ್ಲಿ ಏನೂ ಇಲ್ಲವೆಂದು ಬರೆದು ಮುಗಿಸಬಾರದು. ಇನ್ನೂ ತಗ್ಗಿನ ಆವೃತ್ತಿಯಲ್ಲಿ, ಇನ್ನೂ ಹೆಚ್ಚು ಹೊತ್ತು, ಮತ್ತೊಮ್ಮೆ ಕೇಳಬೇಕು. ನಮ್ಮ ಮನೆಗಳ ಪಡಸಾಲೆಯ ಮೂಲೆಗಳಲ್ಲಿ ಸುಮ್ಮನೆ ಕುಳಿತಿರುವ ಹಿರಿಯರ ವಿಷಯದಲ್ಲಿಯೂ ಇಷ್ಟು ತಾಳ್ಮೆ ದೊಡ್ಡ ಬೇಡಿಕೆಯೇನಲ್ಲ.

ಮಕ್ಕಳಿರುವ ಮನೆಯವರಿಗೆ ಇನ್ನೊಂದು ಮಾತು. ಫೆಬ್ರುವರಿ 28ರ ರಾಷ್ಟ್ರೀಯ ವಿಜ್ಞಾನ ದಿನದ ಸಂದರ್ಭದಲ್ಲಿ ಖೋಡದ್‌ನ ಜಿ.ಎಂ.ಆರ್.ಟಿ.ಯಲ್ಲಿ ಸಾರ್ವಜನಿಕರಿಗಾಗಿ ವಿಜ್ಞಾನ ಪ್ರದರ್ಶನ ನಡೆಯುವ ರೂಢಿಯಿದೆ. ಆ ದೂರದರ್ಶಕದ ಚಿತ್ರಗಳಲ್ಲಿ ವಿಚಿತ್ರ ಗೆಲಕ್ಸಿಗಳನ್ನು ಹುಡುಕಲು ವಿದ್ಯಾರ್ಥಿಗಳನ್ನೂ ಜನಸಾಮಾನ್ಯರನ್ನೂ ತೊಡಗಿಸುವ ‘ರ್ಯಾಡ್ ಅಟ್ ಹೋಮ್’ ಎಂಬ ಪ್ರಯತ್ನ 2013ರಲ್ಲಿ ಆರಂಭವಾಯಿತು. ಉತ್ತರ ಕರ್ನಾಟಕದಿಂದ ಪುಣೆ ಬಹಳ ದೂರವೇನಲ್ಲ. ಒಮ್ಮೆ ಮಕ್ಕಳನ್ನು ಕರೆದುಕೊಂಡು ಹೋಗಿ ಬನ್ನಿ. ಪ್ರಯಾಣ ಮಾಡುವ ಶಕ್ತಿ ಇದ್ದರೆ ಅಜ್ಜ ಅಜ್ಜಿಯರನ್ನೂ ಕರೆದೊಯ್ಯಿರಿ. ಅಲ್ಲಿ ಕಂಡದ್ದನ್ನು ಅವರಿಗೆ ಎದುರು ಕುಳಿತು, ದನಿ ತಗ್ಗಿಸಿ, ನಿಧಾನವಾಗಿ ವಿವರಿಸಿ ಹೇಳುವ ಕೆಲಸ ಮಕ್ಕಳದಾಗಲಿ.